ಚಳಿಗಾಲಕ್ಕೆ ಮುಂಚೆ ಜನರೇಟರ್ ಸಿದ್ಧವಾಗಿರಲಿ



ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳ ಒಂದು ಬೆಳಗಿನ ಜಾವ, ಹರಿಹರದ ಹತ್ತಿರ ನಾವು ನೋಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ಉಬ್ಬಸ ಜಾಸ್ತಿಯಾಗಿದ್ದ ಒಬ್ಬ ಹುಡುಗಿಗೆ ಆಗ ನೆಬ್ಯುಲೈಜರ್ ಹಾಕಿದ್ದೆವು. ಮೆಷಿನ್ ನಿಂತಿತು. ವಾಚ್‌ಮನ್ ಓಡಿ ಹೋಗಿ ಜನರೇಟರ್ ಚಾಲೂ ಮಾಡಲು ನೋಡಿದರು. "ಸಿಸ್ಟರ್, ಸೆಲ್ಫ್ ತಗೋತಿಲ್ರೀ" ಅಂದರು. ಕಟ್ ಕಟ್ ಎಂಬ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಆಟೋ ಹಿಡಿದು ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೇವರ ದಯೆ, ಚೇತರಿಸಿಕೊಂಡಳು. ಆಮೇಲೆ ವಿಚಾರಿಸಿದರೆ, ಎಂಟು ತಿಂಗಳಿಂದ ಆ ಜನರೇಟರನ್ನು ಯಾರೂ ಚಾಲೂ ಮಾಡಿಯೇ ಇರಲಿಲ್ಲ. ತಪ್ಪು ಮೆಷಿನ್‌ದಲ್ಲ, ನಮ್ಮದು.

ಅದಕ್ಕೇ ಈ ಪಾಠ. ಮೆಕ್ಯಾನಿಕ್ ಕೆಲಸ ಕಲಿಸಲು ಅಲ್ಲ. ನಾವೇ ಏನು ನೋಡಿಕೊಳ್ಳಬೇಕು, ಯಾವಾಗ ಮೆಕ್ಯಾನಿಕ್‌ರನ್ನು ಕರೆಸಬೇಕು ಎಂದು ತಿಳಿಯಲು.

1. ನಮ್ಮ ಚಳಿ, ಲಡಾಖಿನ ಚಳಿ

ಡೀಸೆಲ್‌ನಲ್ಲಿ ಮೇಣದಂಥ ಅಂಶ ಇರುತ್ತದೆ. ಚಳಿ ಹೆಚ್ಚಾದಾಗ, ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆ, ಈ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖಿನಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಕಂಪನಿ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ ತಂದಿತು. ಅಂಥ ಕಡೆ ಎಂಜಿನ್‌ಗೇ ಹೀಟರ್ ಕಟ್ಟುತ್ತಾರೆ, ತೆಳುವಾದ ಆಯಿಲ್ ಹಾಕುತ್ತಾರೆ. ಆಯಿಲ್ ಡಬ್ಬದ ಮೇಲೆ 15ಡಬ್ಲ್ಯು-40 ಎಂದು ಬರೆದಿರುತ್ತದಲ್ಲವೇ? ಆ ಡಬ್ಲ್ಯು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಆ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ.

ದಾವಣಗೆರೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸುಮಾರು 15 ಡಿಗ್ರಿ ಇದ್ದರೆ ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ. ಡೀಸೆಲ್‌ಗೆ ಅದು ಚಳಿಯೇ ಅಲ್ಲ. ಹಾಗಾದರೆ ನಮ್ಮಲ್ಲಿ ಜನರೇಟರ್ ಕೈಕೊಡುವುದು ಯಾಕೆ?

2. ಬೇಸಿಗೆಯ ಪೆಟ್ಟು, ಚಳಿಯಲ್ಲಿ ನೋವು

ಬಹಳ ಸಲ ಬ್ಯಾಟರಿಯೇ ಕಾರಣ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬ್ಯಾಟರಿಯ ನೀರು ಆರುತ್ತದೆ, ಒಳಗಿನ ಪ್ಲೇಟುಗಳು ಬೇಗ ಸವೆಯುತ್ತವೆ. ಹಾಗೆ ಸೊರಗಿದ ಬ್ಯಾಟರಿ ಚಳಿ ಬಂದಾಗ ಬಣ್ಣ ಬಯಲು ಮಾಡುತ್ತದೆ. ಚಳಿಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕು. ಬ್ಯಾಟರಿ ಕೊಡುವ ಶಕ್ತಿಯೋ ಕಡಿಮೆ. ಸೊನ್ನೆ ಡಿಗ್ರಿಯಲ್ಲಿ ಒಳ್ಳೆಯ ಬ್ಯಾಟರಿಯೂ ಮೂರರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಅಷ್ಟು ಇಲ್ಲದಿದ್ದರೂ, ಹಳೆಯ ಬ್ಯಾಟರಿಗೆ 15 ಡಿಗ್ರಿಯೇ ಸಾಕು.

ನವೆಂಬರ್‌ನಲ್ಲಿ ಇಷ್ಟು ಮಾಡಿ:

- ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಗುರುತಿನವರೆಗೆ ಹಾಕಿ. ನಲ್ಲಿ ನೀರು, ಬೋರ್ ನೀರು ಬೇಡವೇ ಬೇಡ.
- ಟರ್ಮಿನಲ್ ಮೇಲಿನ ಬಿಳಿ-ಹಸಿರು ಬೂಷ್ಟನ್ನು ತೆಗೆಸಿ, ವ್ಯಾಸಲೀನ್ ಸವರಿಸಿ.
- ಮೀಟರ್ ಇಟ್ಟು ನೋಡಿಸಿ. ಎಂಜಿನ್ ನಿಂತಿರುವಾಗ 12 ವೋಲ್ಟ್ ಬ್ಯಾಟರಿ 12.6ರ ಹತ್ತಿರ ಇದ್ದರೆ ಚೆನ್ನಾಗಿದೆ, 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಿ. 12ಕ್ಕೆ ಬಂದರೆ ನಂಬಬೇಡಿ.
- ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಖಾಲಿ ಜಾಗದ ಗಾಳಿಯ ತೇವ ರಾತ್ರಿ ತಂಪಿಗೆ ನೀರಾಗಿ ಡೀಸೆಲ್‌ಗೆ ಇಳಿಯುತ್ತದೆ. ಫಿಲ್ಟರ್ ಕೆಳಗೆ ಕೂತ ನೀರನ್ನು ಬಸಿಯಲು ಹೇಳಿ.
- ಆಯಿಲ್, ಏರ್ ಫಿಲ್ಟರ್, ಕೂಲಂಟ್, ಬೆಲ್ಟ್ ನೋಡಿಸಿ.

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾದ ಊರು ಹರಿಹರ. ಆ ಕಾರ್ಖಾನೆ ಮುಚ್ಚಿಹೋಗಿದೆ, ಆದರೆ ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಈ ಭಾಗದಲ್ಲಿ ಕೊರತೆ ಇಲ್ಲ. ಅವರನ್ನು ನವೆಂಬರ್‌ನಲ್ಲಿ ಹಗಲು ಹೊತ್ತು ಕರೆಸೋಣ. ಜನವರಿಯಲ್ಲಿ ನಡುರಾತ್ರಿ ಹುಡುಕುವುದು ಬೇಡ.

3. ತಿಂಗಳಿಗೊಮ್ಮೆ ಅರ್ಧ ಗಂಟೆ

ಸುಮ್ಮನೆ ನಿಂತ ಮೆಷಿನ್ ಕೆಡುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ. ಚಾಲೂ ಆದ ಕೂಡಲೇ ಲೋಡ್ ಹಾಕದೆ ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ. ಆಮೇಲೆ ಫ್ಯಾನ್, ಲೈಟ್, ಮೋಟಾರ್ ಹಾಕಿ, ಅದರ ಶಕ್ತಿಯ ಮೂರನೇ ಒಂದು ಭಾಗವಾದರೂ ಕೆಲಸ ಕೊಡಿ. ಲೋಡ್ ಇಲ್ಲದೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕೂರುತ್ತದೆ. ಓಡಿಸಿದ ದಿನಾಂಕವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಸಹಿ ಹಾಕಿ. ಬರೆಯದಿದ್ದರೆ ಎಂಟು ತಿಂಗಳು ಹೇಗೆ ಕಳೆಯಿತು ಎಂದೇ ತಿಳಿಯುವುದಿಲ್ಲ. ನಮಗೆ ತಿಳಿಯಲಿಲ್ಲ.

4. ಕಾಣದ ಹೊಗೆ

ನಮ್ಮ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆವು, ಜನರೇಟರ್ ಒಂದೇ ಸಲಕ್ಕೆ ಚಾಲೂ ಆಯ್ತು. ವಾರದೊಳಗೆ ಮತ್ತೆ ರಾತ್ರಿ ಕರೆಂಟ್ ಹೋದಾಗ, ಚಳಿಗಾಳಿ ಬೀಸ್ತದೆ, ಮಕ್ಕಳಿಗೆ ಶಬ್ದವೂ ಆಗಬಾರದು ಎಂದು ವಾಚ್‌ಮನ್ ಶೆಡ್ಡಿನ ಬಾಗಿಲು ಹಾಕಿ, ಸಂದಿಗೆ ಗೋಣಿಚೀಲ ತುರುಕಿದ್ದರು. ಶೆಡ್ಡಿನ ಗೋಡೆಗೆ ಹೊಂದಿಕೊಂಡ ಕೋಣೆಯಲ್ಲಿ ಮಲಗಿದ್ದ ನಾಲ್ಕು ಮಕ್ಕಳು ತಲೆನೋವು, ವಾಂತಿ ಎಂದು ಎದ್ದು ಬಂದರು. ಎದ್ದು ಬಂದದ್ದೇ ಪುಣ್ಯ. ಆ ವಾಚ್‌ಮನ್ ಮಾಡಿದ್ದು ಮಕ್ಕಳ ಮೇಲಿನ ಪ್ರೀತಿಯಿಂದ. ಅವರಿಗೆ ಅಪಾಯ ತಿಳಿಸಿ ಹೇಳದೆ ಇದ್ದವರು ನಾವು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಅಕ್ಕಂದಿರಿಗೆ ಹೊಗೆ ಹೊಸದಲ್ಲ. ಆದರೆ ಆ ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮಿಸುತ್ತದೆ, ಹೊರಗೆ ಓಡಿಸುತ್ತದೆ. ಜನರೇಟರ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ಅಲ್ಲಿನ ಸರ್ಕಾರ ಲೆಕ್ಕ ಹಾಕಿದ 246 ಸಾವುಗಳಲ್ಲಿ ಈ ವಿಷದ ಗಾಳಿಯಿಂದ ಸತ್ತವರೂ ಇದ್ದರು. ಅಷ್ಟು ಮುಂದುವರಿದ ನಾಡಿನಲ್ಲೂ ಚಳಿಗೆ ಬಾಗಿಲು ಮುಚ್ಚಿಕೊಂಡವರು ಹೊಗೆಯನ್ನು ಒಳಗೇ ಬಿಟ್ಟುಕೊಂಡಿದ್ದರು.

ಆದ್ದರಿಂದ ಜನರೇಟರ್ ಯಾವಾಗಲೂ ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರ ಇರಲಿ. ಹೊಗೆ ಕೊಳವೆ ಮನೆಯ ಕಡೆ ತಿರುಗಿರಬಾರದು. ಮಳೆ, ಇಬ್ಬನಿಗೆ ಮೇಲೆ ತಗಡು ಹಾಕಿ, ಸುತ್ತ ಗೋಡೆ ಬೇಡ. ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಎಂದರೆ ಮೊದಲು ಎಲ್ಲರನ್ನೂ ಬಯಲಿಗೆ ಕರೆತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

5. ಕಂಬದ ಮೇಲಿರುವ ಅಣ್ಣ

ಜನರೇಟರ್ ವೈರನ್ನು ನೇರವಾಗಿ ಮನೆಯ ಪ್ಲಗ್‌ಗೆ ಸಿಕ್ಕಿಸುವವರಿದ್ದಾರೆ. ಆಗ ಕರೆಂಟ್ ಹಿಂದಕ್ಕೆ ಹರಿದು ಬೀದಿ ಲೈನಿಗೆ ಹೋಗುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಬೆಸ್ಕಾಂ ಲೈನ್‌ಮನ್ ಪ್ರಾಣ ಹೋಗಬಹುದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಬೇಡ. ಅರ್ಥಿಂಗ್ ಕೂಡ ಪರೀಕ್ಷಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಹಾಸ್ಟೆಲ್, ಟೈಲರಿಂಗ್ ಕೇಂದ್ರ, ಆರೋಗ್ಯ ಕೇಂದ್ರದ ಜನರೇಟರ್ ಕೊನೆಯ ಸಲ ಓಡಿದ್ದು ಯಾವಾಗ?
2. ಅದರ ಹೊಗೆ ಯಾವ ಕಡೆ ಹೋಗುತ್ತದೆ? ಆ ಕಡೆ ಯಾರು ಮಲಗುತ್ತಾರೆ?
3. ರಾತ್ರಿ ಅದನ್ನು ಚಾಲೂ ಮಾಡುವವರಿಗೆ ಈ ವಿಷಯಗಳನ್ನು ಯಾರು ಹೇಳಿದ್ದಾರೆ?

ಮೂರನೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಸಭೆ ಮುಗಿಯುವ ಮುನ್ನ ವಾಚ್‌ಮನ್ ಅಣ್ಣನನ್ನು ಒಳಗೆ ಕರೆದು ಕೂರಿಸಿ, ಈ ಪಾಠವನ್ನು ಅವರಿಗೆ ಓದಿ ಹೇಳಿ.