ಹಾಡುವವನ ಹಕ್ಕು, ಹಾಡದವನ ಹಕ್ಕು

ಚರ್ಚಿನಲ್ಲಿ ಗಿಟಾರ್ ಬಾರಿಸಬಹುದೋ ಬಾರದೋ ಅನ್ನುವ ಜಗಳ ನಿನ್ನ ತಲೆಮಾರಿನಲ್ಲಿ ಹುಟ್ಟಿದ್ದು ಅಂತ ತಿಳಿದಿದ್ದೀಯ. ಅಲ್ಲ ಕಣೋ. ನಾನು ಹುಡುಗನಾಗಿದ್ದಾಗ ಪೂಜೆ ನಡೆಯುತ್ತಿದ್ದುದೇ ಲ್ಯಾಟಿನ್‌ನಲ್ಲಿ. ತೋಟದ ಲೈನ್ ಮನೆಗಳಿಂದ ನಡೆದು ಬಂದ ಹೆಂಗಸರು ಒಂದು ಮಾತೂ ಅರ್ಥವಾಗದೆ ತಮ್ಮ ಪಾಡಿಗೆ ಜಪಸರ ಎಣಿಸುತ್ತ ಕೂರುತ್ತಿದ್ದರು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸೇರಿತು. ಆರಾಧನೆಯ ಬಗ್ಗೆ 1963ರ ಡಿಸೆಂಬರ್ 4ರಂದು ಅದು ಹೊರಡಿಸಿದ ದಸ್ತಾವೇಜು ಜನರ ಭಾಷೆಗೆ ದಾರಿ ಬಿಟ್ಟಿತು, ಆಯಾ ನಾಡಿನ ಸಂಗೀತಕ್ಕೂ ತಕ್ಕ ಸ್ಥಾನ ಕೊಡಿ ಅಂದಿತು. ಆಮೇಲೆ ನಮ್ಮ ಕಡೆ ಹಾರ್ಮೋನಿಯಂ ಬಂತು, ತಬಲ ಬಂತು. ಆಗಿನ ಹಿರಿಯರು ಮುಖ ಸಿಂಡರಿಸಿದರು, ತಬಲ ಬಾರಿಸೋದಕ್ಕೆ ಇದೇನು ಕಂಪನಿ ನಾಟಕವಾ ಅಂತ. ಈಗ ಅದೇ ತಬಲ ನಮ್ಮ ಸಂಪ್ರದಾಯವಾಗಿದೆ, ಆ ಸಂಪ್ರದಾಯವೇ ನಿನ್ನ ಗಿಟಾರಿಗೆ ಅಡ್ಡ ನಿಂತಿದೆ. ನಗು ಬಂದರೆ ನಕ್ಕುಬಿಡು. ಹಿರಿಯರ ಎದುರಿಗೆ ಮಾತ್ರ ನಗಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫಾದರ್ ನಿನ್ನ ಹಾಡನ್ನು ಪೂಜೆಯಲ್ಲಿ ಬೇಡ ಅಂದರೆ ನಿನ್ನ ವಾಕ್ ಸ್ವಾತಂತ್ರ್ಯ ಹೋಯಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಬೇಡ. ಸಂವಿಧಾನದ 19ನೇ ವಿಧಿ ನಿನ್ನನ್ನು ಕಾಯುವುದು ಸರ್ಕಾರದ ಕೈಯಿಂದ. ಧಾರ್ಮಿಕ ಪಂಗಡಗಳು ತಮ್ಮ ಧರ್ಮದ ವಿಷಯವನ್ನು ತಾವೇ ನೋಡಿಕೊಳ್ಳಲಿ ಅಂತ 26ನೇ ವಿಧಿ ಹೇಳುತ್ತದೆ. ಪೂಜೆಯಲ್ಲಿ ಯಾವ ಹಾಡು ಅನ್ನೋದು ಚರ್ಚಿಗೆ ಬಿಟ್ಟಿದ್ದು. ಪವಿತ್ರ ಗುರುವಾರದ ಪೂಜೆಯಿಂದ ಪಾಸ್ಖ ಜಾಗರಣೆಯವರೆಗೆ ನಮ್ಮಲ್ಲಿ ಗಂಟೆ ಕೂಡ ಬಾರಿಸುವುದಿಲ್ಲ, ಮರದ ಹಲಗೆ ಬಡಿಯುತ್ತೇವೆ. ಅದನ್ನು ಯಾರೂ ದಬ್ಬಾಳಿಕೆ ಅನ್ನುವುದಿಲ್ಲ. ಆದರೆ ಪೂಜೆ ಮುಗಿಸಿ ಹೊರಗೆ ಬಂದ ಮೇಲೆ ಕಾಲೇಜಿನ ವೇದಿಕೆಯಲ್ಲೋ ತೋಟದ ಕಣದಲ್ಲೋ ನೀನು ಏನು ಹಾಡುತ್ತೀಯ ಅನ್ನೋದಕ್ಕೆ ಫಾದರ್ ಅಪ್ಪಣೆ ಬೇಕಿಲ್ಲ, ನನ್ನದೂ ಬೇಕಿಲ್ಲ.

ನಂಬಿಕೆ, ಸಂಗೀತ, ಬಾಯಿಬಿಟ್ಟು ಮಾತಾಡುವ ಧೈರ್ಯ ಈ ಮೂರೂ ಒಟ್ಟಿಗೆ ಇರೋಕಾಗುತ್ತಾ ಅಂತ ಕೇಳಿದೆಯಲ್ಲ, ಅದಕ್ಕೆ ಹೆರ್ಮನ್ ಮೋಗ್ಲಿಂಗ್ ಕಡೆ ನೋಡು. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು, 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿಗೆ ಬಂದರು. ಅವರು ಪ್ರಾಟೆಸ್ಟಂಟರು, ನಾವು ಕಥೋಲಿಕರು. ಇರಲಿ, ಒಳ್ಳೆ ಕೆಲಸಕ್ಕೆ ಸಭೆಯ ಹೆಸರು ಕೇಳಬಾರದು. 1843ರ ಜುಲೈ 1ರಂದು ಅವರು ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಒತ್ತುತ್ತಿದ್ದರು. ನಮ್ಮ ಪತ್ರಕರ್ತರು ಇವತ್ತಿಗೂ ಜುಲೈ 1ನ್ನೇ ಪತ್ರಿಕಾ ದಿನ ಅಂತ ಆಚರಿಸುತ್ತಾರೆ. ಇಷ್ಟು ಸಂಗತಿ ಶಾಲೆಯ ಪುಸ್ತಕದಲ್ಲೇ ಇದೆ. ಅದೇ ಮನುಷ್ಯ ಆಮೇಲೆ ಏನು ಮಾಡಿದರು ಅನ್ನೋದನ್ನ ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾಗಿದ್ದ ಕಸಾಮೇಜರ್ ಅನ್ನುವವರ ಹಣದಿಂದ, 1848ರಿಂದ ಮುಂದಕ್ಕೆ, 'ಬಿಬ್ಲಿಯಾಥಿಕಾ ಕರ್ನಾಟಿಕಾ' ಅನ್ನುವ ಮಾಲೆಯಲ್ಲಿ ಹಳೆಯ ಕನ್ನಡ ಗ್ರಂಥಗಳನ್ನು ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವಪುರಾಣ, ಹಾಗೇ ದಾಸರ ಪದಗಳು. ವಿಷ್ಣುವನ್ನು ಹಾಡಿದ ಹರಿದಾಸರ ಪದಗಳನ್ನು ಕಲೆಹಾಕಿ ಅಚ್ಚಿಗೆ ಕೊಟ್ಟದ್ದು ಯೇಸುವಿನ ಸುವಾರ್ತೆ ಸಾರಲು ಬಂದ ಪಾದ್ರಿ! ಅದರಿಂದ ಅವರ ನಂಬಿಕೆಗೆ ಕುಂದು ಬಂತಾ? ನನಗಂತೂ ಹಾಗೆ ಕಾಣುವುದಿಲ್ಲ.

ಅವರ ನಂತರ 1853ರಲ್ಲಿ ಅದೇ ಮಿಷನ್ನಿನಿಂದ ಬಂದವರು ಕಿಟೆಲ್. 1894ರ ನಿಘಂಟಿನಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚೆ, 1862ರಲ್ಲೇ, 'ಕಥಾಮಾಲೆ' ಅಂತ ಯೇಸುಸ್ವಾಮಿಯ ಬದುಕನ್ನು ನಮ್ಮ ಛಂದಸ್ಸಿನಲ್ಲಿ ಬರೆದಿದ್ದರು. ಆಮೇಲೆ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿದರು. ಹೊರಗಿನಿಂದ ಬಂದವರಿಗೆ ಕನ್ನಡದ ಮಾತ್ರೆ, ಗಣ ಕಲಿಯುವಷ್ಟು ತಾಳ್ಮೆ ಇತ್ತು. ನಿನಗೂ ಅಷ್ಟು ತಾಳ್ಮೆ ಇರಲಿ ಅಂತ ನನ್ನ ಆಸೆ. ನಿನ್ನ ಹಾಡಿನಲ್ಲಿ ನನಗೆ ಹಿಡಿಸದ್ದು ಗಿಟಾರ್ ಅಲ್ಲಪ್ಪ. ಇಂಗ್ಲಿಷ್ ಧಾಟಿಗೆ ಕನ್ನಡ ಪದಗಳನ್ನು ಬಗ್ಗಿಸಿ ತುರುಕಿದ್ದೀಯ. ದೀರ್ಘ ಬೇಕಾದ ಕಡೆ ಹ್ರಸ್ವ, ಉಸಿರು ನಿಲ್ಲಬೇಕಾದ ಕಡೆ ಒತ್ತಕ್ಷರ. ಸುಗ್ಗಿಯಲ್ಲಿ ನಮ್ಮ ಊರುಗಳಲ್ಲಿ ಹಾಡುತ್ತಾರಲ್ಲ, ಕೇಳು. ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯರ ಪಕ್ಕ ಕೂತು ಕೇಳು. ಆಮೇಲೆ ಎಷ್ಟು ತಂತಿ ಬೇಕಾದರೂ ಮೀಟು.

ಮೋಗ್ಲಿಂಗ್ ಕಾಲದ ಮಿಷನರಿಗಳನ್ನು ಹೊಗಳಿ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ದಾಸರ ಪದ ಒತ್ತಿದ ಅದೇ ಮಿಷನ್, ಊರಿನವರ ದೇವರುಗಳನ್ನೂ ಆಚಾರಗಳನ್ನೂ ಖಂಡಿಸುವ ಕರಪತ್ರಗಳನ್ನೂ ಒತ್ತಿ ಹಂಚಿತು. ಕೆಲವು ತುಂಬ ಕಟುವಾಗಿದ್ದವು. ಅವುಗಳಿಂದ ಮನಸ್ಸು ನೊಂದವರು ಎಷ್ಟೋ ಜನ. ಇವತ್ತು ಆ ಕರಪತ್ರಗಳನ್ನು ಸಂಶೋಧಕರು ಬಿಟ್ಟರೆ ಯಾರು ಓದುತ್ತಾರೆ? ದಾಸರ ಪದಗಳ ಸಂಗ್ರಹವನ್ನೂ ನಿಘಂಟನ್ನೂ ಇವತ್ತಿಗೂ ಕನ್ನಡದವರು ನೆನೆಯುತ್ತಾರೆ. ನೀನು ಮೊಬೈಲಿನಲ್ಲಿ ರಾತ್ರಿ ಹನ್ನೆರಡಕ್ಕೆ ಯಾರಿಗೋ ತಿರುಗೇಟು ಕೊಡಲು ಕೂತಾಗ ಇದು ನೆನಪಿರಲಿ.

ಹಾಗಂತ ಬಾಯಿ ಮುಚ್ಚಿಕೊಂಡಿರು ಅಂತ ಹೇಳುತ್ತಿಲ್ಲ. ನಂಬಿಕೆಯನ್ನು ಆಚರಿಸುವ ಹಕ್ಕಿನ ಜೊತೆಗೇ ಪ್ರಚಾರ ಮಾಡುವ ಹಕ್ಕನ್ನೂ 25ನೇ ವಿಧಿ ಕೊಟ್ಟಿದೆ. ಅದರ ಗಡಿ ಎಲ್ಲಿ ಅಂತ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಿನ್ನ ಧರ್ಮದ ತತ್ವವನ್ನು ತಿಳಿಸಬಹುದು, ಇನ್ನೊಬ್ಬನನ್ನು ಮತಾಂತರ ಮಾಡುವುದೇ ಒಂದು ಹಕ್ಕು ಅಂತ ಹೇಳಿಕೊಳ್ಳಲಾಗದು. ಆ ತೀರ್ಪನ್ನು ಒಪ್ಪದ ಕಾನೂನು ಪಂಡಿತರೂ ಇದ್ದಾರೆ. ನಿನ್ನ ಮಟ್ಟಿಗೆ ಸಾಕಾಗುವ ಮಾತು ಇಷ್ಟು: ಕೇಳಿದವರಿಗೆ ಸಂಕೋಚಪಡದೆ ಹೇಳು, ಹೇಳುವಾಗ ಅಕ್ಕಿ ಬೇಳೆ, ಸಾಲ, ಕೆಲಸ ಯಾವುದನ್ನೂ ನಡುವೆ ತರಬೇಡ. ತೋಟದ ಕೆಲಸದವರ ಹತ್ತಿರ ನಿನ್ನಂಥ ಮೇಸ್ತ್ರಿಯ ಮಗ ಧರ್ಮದ ಮಾತಾಡಿದರೆ ಅದು ಬರೀ ಮಾತಾಗಿ ಉಳಿಯುವುದಿಲ್ಲ. ಅವರು ಹೂಂ ಅನ್ನುವುದು ನಂಬಿಕೆಯಿಂದಲೋ ಕೂಲಿಯ ಭಯದಿಂದಲೋ ನಿನಗೆ ತಿಳಿಯುವುದೇ ಇಲ್ಲ.

ಇನ್ನು ನಮ್ಮನ್ನು ಅಣಕಿಸಿದರೆ? 2006ರಲ್ಲಿ 'ದ ಡಾ ವಿಂಚಿ ಕೋಡ್' ಅನ್ನುವ ಕಾದಂಬರಿ ಸಿನಿಮಾ ಆಗಿ ಬಂದಾಗ ಆಂಧ್ರಪ್ರದೇಶ, ತಮಿಳುನಾಡು ಸರ್ಕಾರಗಳು ಅದನ್ನು ತಡೆದವು. ಎರಡೂ ಕಡೆ ಹೈಕೋರ್ಟ್‌ಗಳು ಆ ತಡೆಯನ್ನು ತೆಗೆದುಹಾಕಿದವು. ನಮ್ಮವರಲ್ಲಿ ಎಷ್ಟೋ ಜನಕ್ಕೆ ಕೋಪ ಬಂದಿತ್ತು. ನನಗೆ ಕೋರ್ಟು ಮಾಡಿದ್ದೇ ಸರಿ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಕಾದಂಬರಿಕಾರನೊಬ್ಬನ ಕಲ್ಪನೆಗೆ ಅಲುಗಾಡುವ ನಂಬಿಕೆಯಾಗಿದ್ದರೆ ಎರಡು ಸಾವಿರ ವರ್ಷ ಬಾಳುತ್ತಿರಲಿಲ್ಲ. ಭಾವನೆಗೆ ಧಕ್ಕೆಯಾಯಿತು ಅಂತ ದೂರು ಕೊಡುವ ಕಾನೂನೊಂದಿದೆ, 1927ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಸೇರಿಸಿದ 295ಎ. ಈಗ ಹೊಸ ಸಂಹಿತೆಯಲ್ಲಿ ಅದರ ನಂಬರು 299. ಬೇಕೆಂದೇ, ಕೆಟ್ಟ ಉದ್ದೇಶದಿಂದ ಒಂದು ವರ್ಗದ ಧರ್ಮವನ್ನು ಅವಮಾನಿಸಿದವರಿಗೆ ಮಾತ್ರ ಅದು ಅನ್ವಯ. ಜೋಕು ಹೇಳಿದವನಿಗೆ, ಪ್ರಶ್ನೆ ಕೇಳಿದವನಿಗೆಲ್ಲ ಅದನ್ನು ತೋರಿಸಿ ಹೆದರಿಸುವ ಚಾಳಿ ಎಲ್ಲ ಧರ್ಮದವರಲ್ಲೂ ಬೆಳೆದಿದೆ. ನೀನು ಆ ಸಾಲಿನಲ್ಲಿ ನಿಲ್ಲಬೇಡ. ಇವತ್ತು ನಾವು ಹಿಡಿದ ದೊಣ್ಣೆ ನಾಳೆ ನಮ್ಮ ಕರೋಲ್ ತಂಡದ ಮೇಲೇ ಬೀಳುತ್ತದೆ.

ಕೇರಳದ ಒಂದು ಪ್ರಕರಣವನ್ನು ನೀನು ಓದಲೇಬೇಕು, ಬಿಜೋಯ್ ಇಮ್ಯಾನುಯೆಲ್ ಪ್ರಕರಣ. 1985ರ ಜುಲೈನಲ್ಲಿ ಒಂದೇ ಮನೆಯ ಮೂರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು ಅವರು. ರಾಷ್ಟ್ರಗೀತೆಯ ಹೊತ್ತಿಗೆ ಎಲ್ಲರ ಜೊತೆ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವ ವಿಧಿಯಲ್ಲೂ ಸೇರಲು ತಮ್ಮ ನಂಬಿಕೆ ಒಪ್ಪುವುದಿಲ್ಲ ಅಂತ. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಬರೆದ ತೀರ್ಪು ಆ ಮಕ್ಕಳ ಪರವಾಗಿ ಬಂತು. ಹಾಡಲೇಬೇಕು ಅಂತ ಯಾವ ಕಾನೂನೂ ಇಲ್ಲ, ಮೌನವಾಗಿ ನಿಂತದ್ದು ಅಗೌರವವೂ ಅಲ್ಲ, ಅವರನ್ನು ಹೊರಹಾಕಿದ್ದು 19 ಮತ್ತು 25ನೇ ವಿಧಿಗಳ ಉಲ್ಲಂಘನೆ ಅಂತ ಕೋರ್ಟು ಹೇಳಿತು. ಆ ಪಂಗಡದ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ರಾಷ್ಟ್ರಗೀತೆಯನ್ನು ಎದೆ ತುಂಬಿ ಹಾಡುವವನು ನಾನು. ಆದರೂ ನಮ್ಮ ದೇಶದ ಬಗ್ಗೆ ಹೆಮ್ಮೆಪಡೋದಕ್ಕೆ ಆ ತೀರ್ಪು ಒಂದು ಕಾರಣ. ಬರೀ ಮೂರು ಮಕ್ಕಳ ಮೌನ, ಅದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯ ಕಿವಿಗೊಟ್ಟಿತು. ನಿನ್ನ ಗಾಯನ ಮಂಡಳಿಯಲ್ಲಿ ಹಾಡಲು ಮನಸ್ಸಿಲ್ಲದ ಹುಡುಗಿಯೊಬ್ಬಳನ್ನು ಬಲವಂತ ಮಾಡುತ್ತಿದ್ದೀರಂತೆ. ಬಿಡಿ ಅವಳನ್ನು.

ಹಾಡದವರಿಗೆ ಹಕ್ಕು ಇದ್ದಂತೆ ಕೇಳಲು ಇಷ್ಟವಿಲ್ಲದವರಿಗೂ ಇದೆ. ಅದಕ್ಕೂ ಕ್ರೈಸ್ತರದೇ ಒಂದು ಕೇಸು ಇದೆ. ಮದ್ರಾಸಿನ ಒಂದು ವಸತಿ ಬಡಾವಣೆಯಲ್ಲಿ ಚರ್ಚ್ ಆಫ್ ಗಾಡ್ ಸಭೆಯವರು ಡ್ರಮ್, ಗಿಟಾರ್, ಧ್ವನಿವರ್ಧಕ ಇಟ್ಟು ಆರಾಧನೆ ಮಾಡುತ್ತಿದ್ದರು. ಅಕ್ಕಪಕ್ಕದವರು ಕೋರ್ಟಿಗೆ ಹೋದರು. 2000ದ ಆಗಸ್ಟ್ 30ರಂದು ಸುಪ್ರೀಂ ಕೋರ್ಟ್, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸು ಅಂತ ಯಾವ ಧರ್ಮವೂ ಹೇಳಿಲ್ಲ ಅಂದಿತು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ಹಬ್ಬಕ್ಕೆ ಸರ್ಕಾರ ವಿನಾಯಿತಿ ಕೊಟ್ಟ ದಿನಗಳನ್ನು ಬಿಟ್ಟು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಬೇರೆಯವರು ಜಾತ್ರೆಯಲ್ಲಿ ಇಡೀ ರಾತ್ರಿ ಹಾಕುತ್ತಾರಲ್ಲ ಅಂತ ನೀನು ವಾದ ಹೂಡುತ್ತೀಯ, ಗೊತ್ತು. ಅವರ ಲೆಕ್ಕ ಅವರದು. ಡಿಸೆಂಬರಿನಲ್ಲಿ ಕರೋಲ್‌ಗೆ ಹೊರಟಾಗ ಹೊಸ ಮನೆಗೆ ಹೋಗುವ ಮುಂಚೆ ಒಬ್ಬನನ್ನು ಕಳಿಸಿ ಕೇಳಿ: ಬರಬಹುದಾ, ಮನೆಯಲ್ಲಿ ಹುಷಾರಿಲ್ಲದವರು ಇದ್ದಾರಾ, ಪರೀಕ್ಷೆಗೆ ಓದುವ ಮಕ್ಕಳು ಇದ್ದಾರಾ. ಬೇಡ ಅಂದರೆ ನಗುತ್ತ ಕೈಮುಗಿದು ಮುಂದಿನ ಮನೆಗೆ ನಡೆಯಿರಿ. ಹೇಗಿದ್ದರೂ ಆನೆ ಓಡಾಡುವ ಸೀಮೆ ನಮ್ಮದು, ಕತ್ತಲಾದ ಮೇಲೆ ಕಾಫಿ ತೋಟದ ದಾರಿ ಒಳ್ಳೆಯದಲ್ಲ. ಬೇಗ ಮುಗಿಸಿದರೆ ನೆರೆಯವರಿಗೂ ಉಪಕಾರ, ನಿಮ್ಮ ತಾಯಂದಿರಿಗೂ ನೆಮ್ಮದಿ.

ಆನೆಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಆನೆ ಯಾವ ತೋಟದಲ್ಲಿದೆ ಅಂತ ಮೊಬೈಲಿಗೆ ಬರುವ ಸಂದೇಶವನ್ನು ನಂಬಿ ಇಲ್ಲಿ ಜನ ಕೆಲಸಕ್ಕೆ ಹೋಗುತ್ತಾರೆ. ಅದರಲ್ಲಿ ಸುಳ್ಳು ಸೇರಿದರೆ ಪ್ರಾಣ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಖಾತ್ರಿ ಮಾಡಿಕೊಂಡೇ ಕಳಿಸುತ್ತಾರೆ. ಧರ್ಮದ ಬಗ್ಗೆ ಬರುವ ಸಂದೇಶವನ್ನು ಮಾತ್ರ ಯಾರೂ ಖಾತ್ರಿ ಮಾಡಿಕೊಳ್ಳುವುದಿಲ್ಲ. ಎಲ್ಲೋ ಚರ್ಚು ಸುಟ್ಟರಂತೆ, ಎಲ್ಲೋ ಗುಡಿ ಒಡೆದರಂತೆ ಅಂತ ಬಂದರೆ, ಯಾವ ಊರು, ಯಾವ ದಿನ, ಯಾರು ಕಂಡವರು ಅಂತ ಕೇಳಿ ತಿಳಿದುಕೊಳ್ಳದೆ ಮುಂದಕ್ಕೆ ತಳ್ಳಬೇಡ.

ಚರ್ಚು, ಗುಡಿ ಅಂದೆನಲ್ಲ, ನಮ್ಮೂರನ್ನೇ ನೋಡು. ಊರಿನ ಹೆಸರಿನ ಮುಂದೆ ಇರುವ 'ಕೆ' ಅಂದರೆ ದೇವಿ ಕೆಂಚಮ್ಮ. ದೇವಿಯ ಹೆಸರಿನ ಊರಿನಲ್ಲಿ ಇದ್ದುಕೊಂಡು ಯೇಸುಸ್ವಾಮಿಯನ್ನು ಹಾಡುತ್ತ ಬಂದವರು ನಾವು, ಅದರಲ್ಲಿ ನಮಗೆ ಮುಜುಗರವೇನೂ ಇಲ್ಲ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ತಮ್ಮ 'ಕಾಂತಾಪುರ' ಕಾದಂಬರಿಯ ಹಳ್ಳಿಗೆ ಇದೇ ಕೆಂಚಮ್ಮನ ಹೆಸರಿನ ದೇವಿಯನ್ನು ಕೊಟ್ಟರು, ಹೇಮಾವತಿಯ ಹೆಸರಿನ ಹೊಳೆಯನ್ನೂ ಕೊಟ್ಟರು. 1938ರಲ್ಲಿ ಇಂಗ್ಲಿಷಿನಲ್ಲಿ ಬಂದ ಪುಸ್ತಕ ಅದು. ಜಯರಾಮಾಚಾರ್ ಅನ್ನುವ ಹರಿಕಥೆ ದಾಸರು ಅದರಲ್ಲಿ ಬರುತ್ತಾರೆ. ಶಿವನ ಕಥೆ ಹೇಳುತ್ತ ಹೇಳುತ್ತ ಗಾಂಧಿಯ ಕಥೆ ಹೇಳಿಬಿಡುತ್ತಾರೆ. ಪೊಲೀಸರು ಬಂದು ಅವರನ್ನು ಹಿಡಿದುಕೊಂಡು ಹೋಗುತ್ತಾರೆ. ಕಥೆಯೇ ಇರಬಹುದು, ಆದರೆ ದೇವರ ನಾಮ ಹಾಡುವವನ ಬಾಯಿಗೆ ಸರ್ಕಾರ ಯಾಕೆ ಹೆದರುತ್ತದೆ ಅನ್ನೋದನ್ನ ಅಷ್ಟು ಚೆನ್ನಾಗಿ ತೋರಿಸಿದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಈಚೆಗೆ ಹೆದರಿಸುವವರು ಪೊಲೀಸರೇ ಆಗಬೇಕಿಲ್ಲ. 2018ರ ಆಗಸ್ಟಿನಲ್ಲಿ ಚೆನ್ನೈನಲ್ಲಿ ಯೇಸುವಿನ ಮೇಲೆ ಕರ್ನಾಟಕ ಸಂಗೀತದ ಕಛೇರಿ ಒಪ್ಪಿಕೊಂಡಿದ್ದ ಓ.ಎಸ್. ಅರುಣ್ ಅವರ ಮೇಲೆ ಜಾಲತಾಣದಲ್ಲಿ ಜನ ಮುಗಿಬಿದ್ದರು. ಅವರು ಹಿಂದೆ ಸರಿದರು. ಆಗ ಗಾಯಕ ಟಿ.ಎಂ. ಕೃಷ್ಣ, ಇನ್ನು ಮೇಲೆ ಯೇಸು ಇಲ್ಲವೇ ಅಲ್ಲಾಹನ ಮೇಲಿನ ಒಂದು ಕರ್ನಾಟಕ ಸಂಗೀತದ ಹಾಡನ್ನು ಪ್ರತಿ ತಿಂಗಳು ಹೊರತರುತ್ತೇನೆ ಅಂತ ಸಾರಿದರು. ಅವರು ಕ್ರೈಸ್ತರಲ್ಲ. ಇನ್ನೊಂದು ಕಡೆ ಯೇಸುದಾಸ್ ಇದ್ದಾರೆ. ಕಥೋಲಿಕ ಮನೆಯಲ್ಲಿ ಹುಟ್ಟಿದವರು, ತಮ್ಮ ಹುಟ್ಟಿದ ದಿನವಾದ ಜನವರಿ 10ಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವರ್ಷ ವರ್ಷ ಹಾಡಿದವರು. ಕೊಲ್ಲೂರು ಅವರನ್ನು ಬರಬೇಡ ಅನ್ನಲಿಲ್ಲ.

ನಮ್ಮ ಪರವಾಗಿ ಕೃಷ್ಣ ಎದ್ದು ನಿಂತದ್ದನ್ನು ಎಲ್ಲರಿಗೂ ಹಂಚಿ ಸಂತೋಷಪಟ್ಟೆ, ಸರಿ. ನಾಳೆ ನಮ್ಮ ತಾಲ್ಲೂಕಿನಲ್ಲೇ ಒಂದು ನಾಟಕವನ್ನೋ, ಕವ್ವಾಲಿಯನ್ನೋ, ದೇವರನ್ನೇ ಪ್ರಶ್ನಿಸುವ ಒಬ್ಬ ವಿಚಾರವಾದಿಯ ಭಾಷಣವನ್ನೋ ಯಾರಾದರೂ ನಿಲ್ಲಿಸಿದರೆ, ಅದು ನಮ್ಮದಲ್ಲ ಅಂತ ಸುಮ್ಮನೆ ಕೂರಬೇಡ. ಪತ್ರಿಕೆಗೆ ಒಂದು ಪತ್ರ ಬರಿ, ಕೆಳಗೆ ನಿನ್ನ ಪೂರ್ತಿ ಹೆಸರು, ಊರು ಹಾಕು.