ಪೆಟ್ಟಿಗೆಯಲ್ಲಿ ಬರುವ ಅಡುಗೆಮನೆ

ತುಮಕೂರು ರಸ್ತೆಯಲ್ಲಿ ನಾಗಸಂದ್ರ ಮೆಟ್ರೊ ನಿಲ್ದಾಣದ ಮಗ್ಗುಲಲ್ಲೇ ಐಕಿಯಾ ಮಳಿಗೆ ತೆರೆದದ್ದು 2022ರ ಜೂನ್‌ನಲ್ಲಿ. ರಾಜಾಜಿನಗರದವರು ಹಸಿರು ಮಾರ್ಗದ ರೈಲು ಹತ್ತಿದರೆ ನೇರ ಅಲ್ಲಿಗೇ ಇಳಿಯಬಹುದು. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಇತ್ತ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಅಳತೆಗೆ ಹಲಗೆ ಕೊಯ್ದು, ಅಂಚಿಗೆ ಪಟ್ಟಿ ಅಂಟಿಸಿ ಕೊಡುವವರೂ ಸಿಗುತ್ತಾರೆ. ಎಲ್ಲಿಂದ ತಂದರೂ ಮನೆಗೆ ಬರುವುದು ಹಲಗೆಗಳ ಕಟ್ಟು, ಒಂದಿಷ್ಟು ಸ್ಕ್ರೂ, ಹಿಂಜ್, ಚಾನಲ್. ಅದನ್ನು ಅಡುಗೆಮನೆಯಾಗಿ ನಿಲ್ಲಿಸುವುದು ನನ್ನ ಕೆಲಸ.

ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಅಡುಗೆಮನೆ ಆಗುತ್ತದೆಯೇ ಎಂದು ಕೇಳುವವರಿಗೆ ಖಂಡಿತ ಆಗುತ್ತದೆ ಎನ್ನುತ್ತೇನೆ. ಆದರೆ ಒಂದು ಮಾತು. ಬಾಗಿಲಿನ ಬಣ್ಣವನ್ನು ಐದು ವರ್ಷ ಬಿಟ್ಟಾದರೂ ಬದಲಿಸಬಹುದು. ನೀರಿನ ಪೈಪು, ಕರೆಂಟಿನ ಪಾಯಿಂಟು, ಕಟ್ಟೆಯ ಎತ್ತರ ಬದಲಿಸಬೇಕೆಂದರೆ ಕೂಡಿಸಿದ್ದನ್ನೆಲ್ಲ ಬಿಚ್ಚಬೇಕಾಗುತ್ತದೆ. ಜನ ಬಣ್ಣ ಆರಿಸಲು ವಾರಗಟ್ಟಲೆ ಯೋಚಿಸಿ, ಉಳಿದದ್ದನ್ನು ಪ್ಲಂಬರಿಗೂ ಎಲೆಕ್ಟ್ರಿಷಿಯನ್ನಿಗೂ ಬಿಟ್ಟುಬಿಡುತ್ತಾರೆ. ಕೆಳಗಿನ ಪಾಠಗಳೆಲ್ಲ ಅಲ್ಲಿಂದ ಹುಟ್ಟಿದವು.

1. ಮೊದಲು ಗೋಡೆಯನ್ನು ಓದಿ

ಕಾರ್ಖಾನೆಯ ಪೆಟ್ಟಿಗೆಗೆ ನಾಲ್ಕು ಮೂಲೆಯೂ ನೇರ. ನಮ್ಮ ಮನೆಗಳ ಕಥೆ ಬೇರೆ. ರಾಜಾಜಿನಗರ ಬಡಾವಣೆ ಶುರುವಾದದ್ದು 1949ರಲ್ಲಿ. ಅಲ್ಲಿನ ಹಳೆಯ ಮನೆಗಳ ಗೋಡೆಗೆ ಎಷ್ಟು ಸಲ ಗಾರೆ ಬಿದ್ದಿದೆಯೋ, ಟೈಲ್ಸ್ ಮೇಲೆ ಎಷ್ಟು ಟೈಲ್ಸ್ ಕೂತಿದೆಯೋ ಮನೆಯವರಿಗೇ ನೆನಪಿರುವುದಿಲ್ಲ. ಒಂದೇ ಗೋಡೆಯ ಅಗಲ ನೆಲದಲ್ಲಿ ಒಂದು, ಎದೆಮಟ್ಟದಲ್ಲಿ ಒಂದು, ತಲೆಯ ಮೇಲೆ ಇನ್ನೊಂದು. ಆದ್ದರಿಂದ ಮೂರು ಎತ್ತರದಲ್ಲಿ ಅಳೆದು, ಮೂರರಲ್ಲಿ ಚಿಕ್ಕದನ್ನೇ ಹಿಡಿಯಿರಿ. ಅದರಲ್ಲೂ ಒಂದೆರಡು ಇಂಚು ಬಿಟ್ಟು ಪೆಟ್ಟಿಗೆಗಳನ್ನು ಲೆಕ್ಕ ಹಾಕಿ. ಉಳಿದ ಸಂದಿಗೆ ಅದೇ ಬಣ್ಣದ ಫಿಲ್ಲರ್ ಪಟ್ಟಿ ಬರುತ್ತದೆ. ಫಿಲ್ಲರ್ ಬಿಡದೆ ಗೋಡೆಗೆ ಒತ್ತಿ ಕೂಡಿಸಿದ ಮೂಲೆಯ ಡ್ರಾಯರ್ ಪಕ್ಕದ ಹಿಡಿಗೆ ತಗುಲಿ ಅರ್ಧಕ್ಕೇ ನಿಲ್ಲುತ್ತದೆ.

ಮೂಲೆ ನೇರವಿದೆಯೇ ಎಂದು ನೋಡಲು ಮೂಲೆಮಟ್ಟ ಬೇಕೆಂದೇನೂ ಇಲ್ಲ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. ಬರದಿದ್ದರೆ ಎಲ್-ಆಕಾರದ ಅಡುಗೆಮನೆಗೆ ಕಲ್ಲು ಕೊಯ್ಯಿಸುವಾಗ ಆ ವ್ಯತ್ಯಾಸವನ್ನು ಮೊದಲೇ ಹೇಳಬೇಕು.

ನೆಲವನ್ನೂ ಓದಬೇಕು. ಹಿಂದಿನವರು ಅಡುಗೆಮನೆಗೆ ನೀರು ಸುರಿದು ತೊಳೆಯುತ್ತಿದ್ದರು. ಅದಕ್ಕೇ ನೆಲಕ್ಕೆ ಬಚ್ಚಲ ಕಡೆ ಇಳಿಜಾರು ಕೊಟ್ಟಿರುತ್ತಾರೆ. ರಸಮಟ್ಟ ಇಟ್ಟು ಎಲ್ಲಕ್ಕಿಂತ ಎತ್ತರದ ಜಾಗ ಹುಡುಕಿ, ಮೊದಲ ಪೆಟ್ಟಿಗೆಯನ್ನು ಅಲ್ಲಿಂದ ಶುರುಮಾಡಿ. ತಗ್ಗಿನಲ್ಲಿರುವ ಪೆಟ್ಟಿಗೆಯ ಕಾಲನ್ನು ತಿರುಗಿಸಿ ಎತ್ತಬಹುದು. ಎತ್ತರದಲ್ಲಿರುವುದನ್ನು ನೆಲದೊಳಕ್ಕೆ ಇಳಿಸಲಾಗುವುದಿಲ್ಲ.

2. ಕಡಪಾ ಕಟ್ಟೆ: ಪೂರ್ತಿ ಉಳಿಸಿ, ಇಲ್ಲವೇ ಪೂರ್ತಿ ತೆಗೆಯಿರಿ

ಬಸವೇಶ್ವರನಗರ, ಗೋವಿಂದರಾಜನಗರದ 20–30, 30–40 ಸೈಟಿನ ಮನೆಗಳಲ್ಲಿ ಕಟ್ಟೆ ಮೊದಲೇ ಇರುತ್ತದೆ. ಕೆಳಗೆ ಅಡ್ಡಗೋಡೆಗಳು, ಅವುಗಳ ಮೇಲೆ ಕಡಪಾ ಚಪ್ಪಡಿ ಇಲ್ಲವೇ ಕಾಂಕ್ರೀಟು, ಅದರ ಮೇಲೆ ಗ್ರಾನೈಟ್. ಮಳಿಗೆಯಲ್ಲಿ ಜೋಡಿಸಿಟ್ಟ ಅಡುಗೆಮನೆಗೆ ಈ ಅಡ್ಡಗೋಡೆಗಳ ಕಾಟವಿಲ್ಲ. ಐಕಿಯಾದ ಮೆಟೋಡ್ ಪೆಟ್ಟಿಗೆಗಳ ಅಗಲ 40, 60, 80 ಸೆಂ.ಮೀ. ಹೀಗೆ ಗೊತ್ತುಪಡಿಸಿದ್ದು, ಆಳ 60 ಸೆಂ.ಮೀ. ಅರವತ್ತು ಎಂದರೆ ಇಂಚುಪಟ್ಟಿಯಲ್ಲಿ 23 ಮುಕ್ಕಾಲಿಗೆ ಕೂದಲೆಳೆ ಕಡಿಮೆ. ನಿಮ್ಮ ಅಡ್ಡಗೋಡೆಗಳ ನಡುವಿನ ಜಾಗ 23 ಇಂಚು ಇದ್ದರೆ 60ರ ಪೆಟ್ಟಿಗೆ ಹೊರಗೇ ನಿಲ್ಲುತ್ತದೆ, 40ರದ್ದು ಹಾಕಿದರೆ ಏಳು ಇಂಚು ವ್ಯರ್ಥ. ಆಳದ್ದೂ ಅದೇ ಪಾಡು. ಎರಡಡಿ ಕಟ್ಟೆಯಲ್ಲಿ ಗ್ರಾನೈಟಿನ ಮುಂಚಾಚು, ಹಿಂದಿನ ಪೈಪು ಕಳೆದರೆ ಒಳಗೆ 60 ಸಿಗುವುದೇ ಇಲ್ಲ.

ಬಾಡಿಗೆ ಮನೆ ಆದರೆ, ಇಲ್ಲವೇ ಕಟ್ಟೆ ಗಟ್ಟಿಯಾಗಿದ್ದರೆ, ಅದನ್ನು ಮುಟ್ಟಬೇಡಿ. ಅಡ್ಡಗೋಡೆಗಳ ನಡುವಿನ ಅಳತೆಗೆ ಹಲಗೆ ಕೊಯ್ಯಿಸಿ ಪೆಟ್ಟಿಗೆ ಮಾಡಿಸಿಕೊಳ್ಳಿ, ಖರ್ಚೂ ಕಡಿಮೆ. ಗೊತ್ತುಪಡಿಸಿದ ಅಳತೆಯ ಪೆಟ್ಟಿಗೆಯೇ ಬೇಕೆಂದಿದ್ದರೆ ಕಟ್ಟೆಯನ್ನು ಪೂರ್ತಿ ಒಡೆಸಿ. ಆ ಖರ್ಚು, ಅವಶೇಷ ಸಾಗಿಸುವ ಖರ್ಚು, ಟೈಲ್ಸ್ ತೇಪೆಯ ಖರ್ಚು ಎಲ್ಲವನ್ನೂ ಬಜೆಟ್ಟಿನಲ್ಲಿ ಮೊದಲೇ ಬರೆದಿಡಿ. ಅರ್ಧ ಒಡೆದು ಅರ್ಧ ಉಳಿಸಿದ ಕಡೆ ಎರಡು ಕಲ್ಲುಗಳ ಮಟ್ಟ ಕೂಡಿದ್ದನ್ನು ನಾನು ಕಂಡಿಲ್ಲ. ಆ ಸಂದಿಯಿಂದಲೇ ನೀರು ಕೆಳಗಿಳಿಯುತ್ತದೆ.

3. ಎತ್ತರವನ್ನು ಅಡುಗೆ ಮಾಡುವವರ ಮೊಣಕೈ ಹೇಳಲಿ

ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಮೆಟೋಡ್ ಪೆಟ್ಟಿಗೆ 80 ಸೆಂ.ಮೀ. ಎತ್ತರ, ಅದರ ಕಾಲು 8. ಮೇಲೆ ಹಲಗೆಯೋ ಕಲ್ಲೋ ಕೂತರೆ 91–92 ಆಗುತ್ತದೆ, ಹತ್ತಿರಹತ್ತಿರ 36 ಇಂಚು. ಆ ಲೆಕ್ಕ ಕಲ್ಲಿನೊಳಗೆ ಹುದುಗಿಸುವ ಹಾಬ್‌ಗೆ ಸರಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಗ್ಯಾಸ್ ಒಲೆ ಕಟ್ಟೆಯ ಮೇಲೆ ಕೂರುತ್ತದೆ, ಅದರ ಮೇಲೆ ಐದು ಲೀಟರಿನ ಕುಕ್ಕರು. ಐದಡಿ ಎತ್ತರದ ಹೆಂಗಸು ಸಾರಿನ ಪಾತ್ರೆಯೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲಬೇಕಾಗುತ್ತದೆ. ಒಗ್ಗರಣೆ ಸಿಡಿದರೆ ಮುಖಕ್ಕೇ.

ಹಂಪಿನಗರದ ಒಂದು ಮನೆಯಲ್ಲಿ ಮಗ, ಸೊಸೆ ಇಬ್ಬರೂ ನಕ್ಷೆ ನೋಡಿ ಒಪ್ಪಿದ್ದರು. ಅಡುಗೆ ಮಾಡುವುದು ಯಾರು ಎಂದು ಕೇಳಿದೆ. ಒಳಗಿನಿಂದ ಅಜ್ಜಿ ಬಂದರು.

“ಅಜ್ಜಿ, ಇಲ್ಲಿ ನಿಂತು ಚಪಾತಿ ಲಟ್ಟಿಸೋ ಹಾಗೆ ಕೈ ಇಡಿ.”

“ಇಷ್ಟು ಎತ್ತರ ಬೇಡ ಕಣಪ್ಪ. ಭುಜ ಹಿಡ್ಕೊಳ್ಳುತ್ತೆ.”

ಅಲ್ಲಿಗೆ ಎತ್ತರ ತೀರ್ಮಾನವಾಯಿತು. ನೇರ ನಿಂತು ಮೊಣಕೈ ಮಡಚಿದಾಗ ಅದು ನೆಲದಿಂದ ಎಷ್ಟು ಎತ್ತರವಿದೆಯೋ ಅದಕ್ಕಿಂತ ನಾಲ್ಕು ಇಂಚು ಕೆಳಗೆ ಹೆಚ್ಚುವ, ಲಟ್ಟಿಸುವ ಕಟ್ಟೆ ಇರಬೇಕು. ಒಲೆ ಇಡುವ ಕಡೆ ಇನ್ನೂ ನಾಲ್ಕು ಇಂಚು ಇಳಿಸಿದರೆ ಉತ್ತಮ. ಸಿಂಕಿನ ಕಡೆ ಮಾತ್ರ ತುಸು ಎತ್ತರವೇ ಇರಲಿ: ಪಾತ್ರೆ ತೊಳೆಯುವ ಕೈ ಸಿಂಕಿನ ತಳಕ್ಕೆ ಇಳಿಯುತ್ತದೆ, ಕಟ್ಟೆ ತಗ್ಗಿದ್ದರೆ ಸೊಂಟ ನೋಯುತ್ತದೆ. ಎರಡು ಮಟ್ಟದ ಕಟ್ಟೆ ನೋಡಲು ಚೆನ್ನಾಗಿರದು ಎನ್ನುವವರೊಡನೆ ನಾನು ವಾದ ಮಾಡುತ್ತೇನೆ. ದಿನಕ್ಕೆ ಮೂರು ಹೊತ್ತು ಅಲ್ಲಿ ನಿಲ್ಲುವವರ ಮೈ ಮುಖ್ಯ.

1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಅಗ್ಗದ ವಸತಿಗಾಗಿ ಅಡುಗೆಮನೆಯೊಂದನ್ನು ರೂಪಿಸಿದರು. ಇಂದಿನ ಮಾಡ್ಯುಲರ್ ಕಿಚನ್‌ಗಳಿಗೆಲ್ಲ ಮೂಲ ಅದು. ಅಗಲ ಸುಮಾರು 6 ಅಡಿ, ಉದ್ದ 11 ಅಡಿ. ನಮ್ಮ ಮಹಡಿಮೇಲಿನ ಬಾಡಿಗೆ ಮನೆಗಳ ಅಡುಗೆಮನೆಯಷ್ಟೇ. ಅವರು ಶುರುಮಾಡಿದ್ದು ಕೆಲಸ ಮಾಡುವ ಹೆಂಗಸಿನ ಹೆಜ್ಜೆ, ಕೈಚಾಚು ಅಳೆಯುವುದರಿಂದ. ಅಗ್ಗದ ಅಡುಗೆಮನೆಗೆ ಆ ಕ್ರಮ ಈಗಲೂ ಸರಿ, ಅಳತೆಗೆ ದುಡ್ಡು ಬೀಳುವುದಿಲ್ಲ.

4. ಸಿಂಕಿನ ಕೆಳಗೆ ಉಳಿತಾಯ ಬೇಡ

ಅಗ್ಗದ ಪೆಟ್ಟಿಗೆಗಳು ಬಹುಪಾಲು ಪಾರ್ಟಿಕಲ್ ಬೋರ್ಡಿನವು. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಒಣಗಿದ ಜಾಗದಲ್ಲಿ, ಅಂಚು ಸರಿಯಾಗಿ ಮುಚ್ಚಿದ್ದರೆ, ಎಷ್ಟೋ ವರ್ಷ ಬಾಳುತ್ತದೆ. ಅದನ್ನು ಬೈಯುವ ಆಚಾರಿಗಳ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅಂಚು ತೆರೆದು ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ.

ಹಾಗಾಗಿ ಸಿಂಕಿನ ಪೆಟ್ಟಿಗೆ ಒಂದನ್ನಾದರೂ ಐಎಸ್ 710 ಮುದ್ರೆಯ ಪ್ಲೈವುಡ್‌ನಲ್ಲಿ ಮಾಡಿಸಿ. ಕುದಿಯುವ ನೀರನ್ನೂ ತಡೆಯುವ ಅಂಟಿನ ಪ್ಲೈ ಅದು, ಅಂಗಡಿಯಲ್ಲಿ ಮರೀನ್ ಎಂದು ಕೇಳಿದರೆ ಕೊಡುತ್ತಾರೆ. ಐಎಸ್ 303 ಮುದ್ರೆಯಲ್ಲಿ ಎರಡು ಬಗೆ. ಎಂಆರ್ ಎಂಬುದು ತೇವದ ಗಾಳಿ ತಡೆಯುವ ಸಾಧಾರಣ ಪ್ಲೈ, ಬಿಡಬ್ಲ್ಯುಆರ್ ಅದಕ್ಕಿಂತ ಮೇಲು. ಬಾಯಿಮಾತಿನ ‘ವಾಟರ್‌ಪ್ರೂಫ್’ ನಂಬದೆ ಹಲಗೆಯ ಮೇಲಿನ ಮುದ್ರೆ ಓದಿ. ಪೈಪಿಗಾಗಿ ಹಲಗೆಯಲ್ಲಿ ತೂತು ಕೊರೆದ ಕಡೆ, ಕೊಯ್ದ ಕಡೆ ಎಲ್ಲ ಸಿಲಿಕಾನ್ ಹಚ್ಚಲೇಬೇಕು. ಕಾರ್ಖಾನೆ ಮುಚ್ಚಿ ಕಳಿಸಿದ ಅಂಚನ್ನು ನಾವೇ ತೆರೆದಿರುತ್ತೇವೆ.

ಸಿಂಕ್ ಪೆಟ್ಟಿಗೆಗೆ ಹಿಂದಿನ ಹಲಗೆ ಹಾಕಬೇಡಿ. ಆಂಗಲ್ ಕಾಕ್‌ಗೆ ಕೈ ಎಟುಕಬೇಕು, ಗೋಡೆ ಜಿನುಗಿದರೆ ಕಾಣಬೇಕು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಉಪ್ಪು ಕಟ್ಟಿ ಕಾಕ್‌ಗಳು ಬೇಗ ಹಿಡಿದುಕೊಳ್ಳುತ್ತವೆ, ಬದಲಿಸುವ ದಿನ ಬಂದೇ ಬರುತ್ತದೆ. ಕೆಳಗಿನ ಕಾಲುಗಳು ಪ್ಲಾಸ್ಟಿಕ್ಕಿನವೇ ಇರಲಿ, ಮುಂದಿನ ಸ್ಕರ್ಟಿಂಗ್ ಕ್ಲಿಪ್ಪಿನದು ಇರಲಿ. ತೆಗೆದು ಒರೆಸಿದರೆ ಜಿರಳೆಗೂ ಗೆದ್ದಲಿಗೂ ಅಡಗುತಾಣ ಸಿಗುವುದಿಲ್ಲ.

5. ಚದರಡಿ ದರ ಕೇಳಿದ ಮೇಲೆ ‘ಯಾವುದರ ಚದರಡಿ?’ ಎಂದು ಕೇಳಿ

ಹತ್ತಡಿ ಕಟ್ಟೆ. ಕೆಳಗಿನ ಪೆಟ್ಟಿಗೆ 2 ಮುಕ್ಕಾಲು ಅಡಿ ಎತ್ತರ, ಮೇಲಿನದು 2 ಅಡಿ. ಎದುರಿನಿಂದ ಕಾಣುವ ವಿಸ್ತೀರ್ಣ ಒಟ್ಟು 47.5 ಚದರಡಿ. ಲೆಕ್ಕದ ಸುಲಭಕ್ಕೆ ದರ 1,500 ರೂಪಾಯಿ ಎಂದಿಟ್ಟುಕೊಂಡರೆ 71,250. ಇದರ ಮೇಲೆ ಶೇ 18 ಜಿಎಸ್‌ಟಿ ಬಿದ್ದಾಗ 84,075. ಬ್ಯಾಸ್ಕೆಟ್, ಕಲ್ಲು, ಸಿಂಕ್, ಸಾಗಣೆ, ಕೂಡಿಸುವ ಕೂಲಿ, ಅಟ್ಟದ ಬಾಗಿಲು ಇದರಲ್ಲಿ ಸೇರಿವೆಯೇ? ಒಂದೊಂದನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಹಿಂಜ್, ಚಾನಲ್‌ಗಳ ಕಂಪನಿಯ ಹೆಸರೂ ಅಲ್ಲೇ ಇರಲಿ.

ದುಡ್ಡು ಸಾಲದಿದ್ದರೆ ಮೇಲಿನ ಸಾಲನ್ನು ಮುಂದಿನ ವರ್ಷಕ್ಕೆ ಬಿಡಿ. ಕೆಳಗಿನ ಸಾಲಿಗೆ ಒಳ್ಳೆಯ ಚಾನಲ್ ಹಾಕಿಸಿ.

6. ಸಿಲಿಂಡರಿನ ಜಾಗ

ಮನೆಬಳಕೆಯ ಸಿಲಿಂಡರಿನಲ್ಲಿ ಅನಿಲ 14.2 ಕೆಜಿ, ಉಕ್ಕು ಸೇರಿದರೆ ಸುಮಾರು 30. ಪೆಟ್ಟಿಗೆಯ ತಳದ ಹಲಗೆಯ ಮೇಲೆ ಆ ತೂಕವನ್ನು ತಿಂಗಳು ತಿಂಗಳು ಉರುಳಿಸಿ ಹತ್ತಿಸಬಾರದು. ತಳ ಇಲ್ಲದ ಪೆಟ್ಟಿಗೆ ಮಾಡಿ ನೆಲದ ಮೇಲೆಯೇ ನೆಟ್ಟಗೆ ನಿಲ್ಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ಬಾಗಿಲಿನ ಕೆಳತುದಿಯಲ್ಲಿ ಗಾಳಿಕಂಡಿ ಇರಲೇಬೇಕು. ಮುಚ್ಚಿದ ಚಂದದ ಬಾಗಿಲಿಗಾಗಿ ಕಂಡಿ ಬೇಡ ಎಂದವರ ಮನೆಯ ಕೆಲಸ ಬಿಟ್ಟು ಬರಲು ನಾನು ಸಿದ್ಧ. ಕೊಳವೆ ಅನಿಲ ಬಂದಿರುವ ಬೀದಿಗಳಲ್ಲಿ ವಾಲ್ವ್‌ಗೆ ತಕ್ಷಣ ಕೈ ಎಟುಕುವಂತೆ ಪೆಟ್ಟಿಗೆ ಬಿಡಿ.

7. ಗೋಡೆಗೆ ನೇತುಹಾಕುವ ಮುನ್ನ

ಕೆಂಗೇರಿ ಉಪನಗರ, ನಾಗರಬಾವಿ ಕಡೆಯ ಹೊಸ ಮನೆಗಳ ಒಳಗೋಡೆ ಎಷ್ಟೋ ಕಡೆ ನಾಲ್ಕು ಇಂಚಿನ ಬ್ಲಾಕು. ಟೊಳ್ಳು ಬ್ಲಾಕಾದರೆ ಮಾಮೂಲಿ ಪ್ಲಗ್ ನಿಲ್ಲುವುದಿಲ್ಲ, ಅದಕ್ಕೇ ಬೇರೆ ಆಂಕರ್ ಬೇಕು. ಒಂದೆರಡು ಸ್ಕ್ರೂ ನೆಚ್ಚದೆ ಉದ್ದಕ್ಕೂ ಉಕ್ಕಿನ ಪಟ್ಟಿ ಬಿಗಿದು ಅದಕ್ಕೆ ಪೆಟ್ಟಿಗೆ ನೇತುಹಾಕಿದರೆ ಭಾರ ಹಂಚಿಹೋಗುತ್ತದೆ. ಗೋಡೆಯಾಚೆ ಬಚ್ಚಲುಮನೆ ಇದ್ದರೆ ಪೈಪು ಎಲ್ಲಿ ಹೋಗಿದೆ ಎಂದು ಕೇಳಿಕೊಂಡೇ ಡ್ರಿಲ್ ಹಿಡಿಯಿರಿ. ರಾಗಿಹಿಟ್ಟು, ಅಕ್ಕಿ, ಬೇಳೆಯ ದೊಡ್ಡ ಡಬ್ಬಿಗಳು ಕೆಳಗಿನ ಡ್ರಾಯರಿಗೆ ಹೋಗಲಿ. ಮೇಲಕ್ಕೆ ಲೋಟ, ತಟ್ಟೆ, ಹಪ್ಪಳ ಸಂಡಿಗೆ ಸಾಕು.

8. ಗ್ರೈಂಡರ್ ಎಲ್ಲಿ ಕೂರುತ್ತದೆ?

ಪರದೇಶದ ನಕ್ಷೆಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಹಳೆಯ ಮನೆಗಳಲ್ಲಿ ಮೂಲೆಯಲ್ಲಿ ಒರಳು ಹೂತಿರುತ್ತಿತ್ತು. ಇಂದಿನ ಗ್ರೈಂಡರಿಗೂ ಅಂಥದೊಂದು ಖಾಯಂ ಜಾಗ ಬೇಕು. ದೋಸೆ ಹಿಟ್ಟಿಗಾಗಿ ವಾರಕ್ಕೆರಡು ಸಲ ಅದನ್ನು ಪೆಟ್ಟಿಗೆಯಿಂದ ಎತ್ತಿ ಇಳಿಸುವವರು ಯಾರೂ ಸುಖವಾಗಿಲ್ಲ. ಸಿಂಕಿನ ಪಕ್ಕದ ಮೂಲೆ ಸರಿ, ಅಲ್ಲೊಂದು ಕರೆಂಟಿನ ಪಾಯಿಂಟ್, ನೀರು ಸಿಡಿಯದಷ್ಟು ದೂರದಲ್ಲಿ. ಮಿಕ್ಸಿಗೆ ಬೇರೆ ಪಾಯಿಂಟ್. ಫ್ರಿಜ್, ಓವನ್‌ಗಳಿಗೆ 16 ಆಂಪಿನದು. ವೈರು, ಪೈಪು, ಟೈಲ್ಸ್ ಮೂರೂ ಮುಗಿದು ಧೂಳು ಗುಡಿಸಿದ ಮೇಲೆಯೇ ಹಲಗೆಗಳ ಕಟ್ಟು ಮನೆಯೊಳಗೆ ಬರಲಿ.

9. ಕಟ್ಟು ಬಿಚ್ಚುವ ದಿನ

ಬಿಡಿಹಲಗೆಯ ದೊಡ್ಡ ಉಪಕಾರ ತಿಳಿಯುವುದು ಮೆಟ್ಟಿಲಲ್ಲಿ. 20–30 ಸೈಟಿನ ಮನೆಗಳ ಹೊರಮೆಟ್ಟಿಲು ಎರಡೂವರೆ, ಮೂರಡಿ ಅಗಲ. ತಿರುವಿನಲ್ಲಿ ಕೂಡಿಸಿದ ಕಪಾಟು ಹೊರಳುವುದಿಲ್ಲ. ಐಕಿಯಾ 1956ರಲ್ಲಿ ಬಿಡಿಭಾಗದ ಪೀಠೋಪಕರಣ ಮಾರಲು ಹೊರಟದ್ದೂ ಮೇಜೊಂದು ಕಾರಿನಲ್ಲಿ ಹಿಡಿಸದೆ ಅದರ ಕಾಲು ಬಿಚ್ಚಿದ ಮೇಲೆಯೇ.

ಬಿಲ್ಲು ಹಿಡಿದು ಒಂದೊಂದು ಹಲಗೆಯನ್ನೂ ಎಣಿಸಿ, ಮುರಿದ ಮೂಲೆಯ ಫೋಟೊ ತೆಗೆದಿಡಿ. ಸ್ಕ್ರೂ ಚೀಲಗಳನ್ನು ಬೆರೆಸಬೇಡಿ. ಪೆಟ್ಟಿಗೆ ಕೂಡಿಸಿದಾಗ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಒಂದೇ ಬಂದರೆ ಮಾತ್ರ ಹಿಂದಿನ ಹಲಗೆ ಬಿಗಿಯಿರಿ. ಬಾಗಿಲುಗಳು ಕೊನೆಗೆ. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲ, ಫಿಟ್ಟರ್‌ಗಳು ಬಿಡುವಾಗಿ ಸಿಗುತ್ತಾರೆ. ಹಲಗೆಗಳನ್ನು ಮಾತ್ರ ಮಳೆಗೆ ಒದ್ದೆಯಾದ ಗೋಡೆಗೆ ಒರಗಿಸಬೇಡಿ, ನೆಲದ ಮೇಲೆ ಮಟ್ಟಸವಾಗಿ ಮಲಗಿಸಿ.

10. ತಿಂಗಳು ಕಳೆದ ಮೇಲೆ

ಡಬ್ಬಿ, ಪಾತ್ರೆಗಳ ಭಾರ ಬಿದ್ದ ಮೇಲೆ ಬಾಗಿಲು ಒಂದೆರಡು ಮಿ.ಮೀ. ಜಗ್ಗುವುದು ಸಹಜ. ಹಿಂಜ್‌ನಲ್ಲಿರುವ ಸ್ಕ್ರೂಗಳಲ್ಲಿ ಒಂದು ಬಾಗಿಲನ್ನು ಎಡಕ್ಕೆ ಬಲಕ್ಕೆ, ಒಂದು ಒಳಕ್ಕೆ ಹೊರಕ್ಕೆ, ಒಂದು ಮೇಲಕ್ಕೆ ಕೆಳಕ್ಕೆ ಸರಿಸುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ನೋಡುತ್ತಾ ಸರಿಮಾಡಿ. ಕೂಡಿಸುವ ದಿನವೇ ಫಿಟ್ಟರ್‌ನಿಂದ ಇದನ್ನು ಮನೆಯವರು ಕಲಿತುಕೊಂಡರೆ ಯಾರನ್ನೂ ಕರೆಯಬೇಕಾಗುವುದಿಲ್ಲ. ಮಿಕ್ಕ ಫಿಲ್ಲರ್ ತುಂಡು, ಒಂದು ಹಿಡಿ ಸ್ಕ್ರೂ, ಬಿಲ್ಲು ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಅಟ್ಟದ ಮೇಲಿಡಿ.