‘ಕ್ಲ್ಯಾಡ್’ ಬರೆಯುವ ಮುನ್ನ ‘ಉಟ್ಟ’ ಎಂದು ಹೇಳಿ ನೋಡಿ

ನನ್ನ ಸಂಜೆ ತರಗತಿಯ ವಿದ್ಯಾರ್ಥಿನಿಯೊಬ್ಬಳು ‘ಐ ಕ್ಲ್ಯಾಡ್ ಎ ಸ್ಯಾರಿ ಫಾರ್ ದ ಫಂಕ್ಷನ್’ ಎಂದು ಬರೆದು ತಂದಿದ್ದಳು. ಇಂಗ್ಲಿಷ್ ಪೇಪರಿನಲ್ಲಿ ‘ಖಾಕಿ-ಕ್ಲ್ಯಾಡ್’ ಎಂದು ಓದಿದ್ದಳಂತೆ. ಪದ ಹಿಡಿಸಿತು, ಎತ್ತಿಟ್ಟುಕೊಂಡಳು. ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಪದವನ್ನು ಕೂರಿಸುವ ಜಾಗ ತಪ್ಪಿತ್ತು, ಅಷ್ಟೇ.

ಮೊದಲು ಮಾತನ್ನು ಕನ್ನಡದಲ್ಲೇ ಹೇಳಿ ನೋಡಿ. ‘ಸೀರೆ ಉಟ್ಟಳು’ ಎಂದರೆ ಅವಳು ಮಾಡಿದ ಕೆಲಸ. ‘ಸೀರೆ ಉಟ್ಟ ಹುಡುಗಿ’ ಎಂದರೆ ಅವಳು ಇರುವ ರೀತಿ. ಕ್ಲ್ಯಾಡ್ ಎಂಬುದು ‘ಕ್ಲೋದ್’ ಕ್ರಿಯಾಪದದ ಹಳೆಯ ಭೂತರೂಪ. ಇಂದು ಉಡುಪಿನ ವಿಷಯದಲ್ಲಿ ಇರುವ ರೀತಿ ಹೇಳಲಷ್ಟೇ ಉಳಿದಿದೆ. ನಿಮ್ಮ ವಾಕ್ಯದಲ್ಲಿ ‘ಉಟ್ಟ’, ‘ತೊಟ್ಟ’, ‘ಧಾರಿ’ ಹೊಂದಿದರೆ ಕ್ಲ್ಯಾಡ್ ನಡೆಯುತ್ತದೆ. ‘ಉಟ್ಟಳು’, ‘ತೊಟ್ಟನು’ ಬಂತೋ, ‘ವೋರ್’ ಅಥವಾ ‘ಪುಟ್ ಆನ್’ ಬರೆಯಿರಿ. ಮೈಮೇಲೆ ಏರಿಸಿಕೊಳ್ಳುವ ಗಳಿಗೆಗೆ ಪುಟ್ ಆನ್, ಮೈಮೇಲೆ ಇರುವಷ್ಟು ಹೊತ್ತಿಗೆ ವೇರ್.

ಆಮೇಲೆ, ಅದು ಮೈ ಮುಚ್ಚುವ ವಸ್ತುವೇ ಎಂದು ಕೇಳಿಕೊಳ್ಳಿ. ನಾವು ಸೀರೆ ಉಡುತ್ತೇವೆ, ಕುಪ್ಪಸ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ. ಒಂದೊಂದಕ್ಕೂ ಬೇರೆ ಕ್ರಿಯಾಪದ ಇರುವ ಸಿರಿವಂತಿಕೆ ನಮ್ಮದು. ಇಂಗ್ಲಿಷಿನವರಿಗೆ ಇವೆಲ್ಲಕ್ಕೂ ವೇರ್ ಒಂದೇ ಸಾಕು. ಆದರೆ ಜಡೆಗೆ ಮುಡಿದ ಒಂದೆಳೆ ಮಲ್ಲಿಗೆಗೆ, ಮೂಗುತಿಗೆ ಕ್ಲ್ಯಾಡ್ ಒಗ್ಗದು.

ಜೋಡಣೆ ಸುಲಭ. ಉಡುಪಿನ ಹೆಸರು ಹಿಂದೆ ಬಂದರೆ ನಡುವೆ ಅಡ್ಡಗೆರೆ: ‘ಖಾದಿ-ಕ್ಲ್ಯಾಡ್ ವಾಲಂಟಿಯರ್ಸ್’. ಮುಂದೆ ಬಂದರೆ ‘ಇನ್’: ‘ಕ್ಲ್ಯಾಡ್ ಇನ್ ವೈಟ್’. ಇಲ್ಲಿ ‘ವಿತ್’ ಬೇಡ.

ಬಟ್ಟೆಯಾಚೆಗೂ ಈ ಪದ ಬೇಕಾದಷ್ಟು ಓಡಾಡುತ್ತದೆ. ‘ಸ್ನೋ-ಕ್ಲ್ಯಾಡ್’ ಎಂದರೆ ಹಿಮ ಹೊದ್ದ ಬೆಟ್ಟ. ‘ಐರನ್‌ಕ್ಲ್ಯಾಡ್’ ಎಂಬುದು ಮೈಗೆ ಕಬ್ಬಿಣದ ಹಲಗೆ ಹೊದಿಸಿದ ಯುದ್ಧನೌಕೆಯ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಮಾರ್ಚ್ 9ರಂದು, ಹ್ಯಾಂಪ್ಟನ್ ರೋಡ್ಸ್‌ನಲ್ಲಿ ‘ಮಾನಿಟರ್’ ಮತ್ತು ‘ವರ್ಜೀನಿಯಾ’ ಎಂಬ ಅಂಥ ಎರಡು ಹಡಗುಗಳು ಗಂಟೆಗಟ್ಟಲೆ ಗುಂಡು ಹಾರಿಸಿಕೊಂಡರೂ ಒಂದನ್ನೊಂದು ಮುಳುಗಿಸಲಾಗಲಿಲ್ಲ. ಇಂದು ಯಾರೂ ಅಲುಗಿಸಲಾಗದ ಕರಾರಿಗೆ, ಸಾಕ್ಷ್ಯಕ್ಕೆ ಐರನ್‌ಕ್ಲ್ಯಾಡ್ ಎನ್ನುವಾಗ ಆ ಕಬ್ಬಿಣದ ಗಟ್ಟಿತನವೇ ಮಾತಿನೊಳಗಿದೆ. ಅಡುಗೆಮನೆಯ ಟ್ರೈಪ್ಲೈ ಬಾಣಲೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂನ ಗೆರೆ ಕಂಡೀತು. ಅದೂ ಕ್ಲ್ಯಾಡ್ ಪಾತ್ರೆಯೇ. ಕಟ್ಟಡದ ಗೋಡೆಗೆ ಹೊರಗಿನಿಂದ ಹೊದಿಸುವ ಫಲಕಗಳಿಗೆ ‘ಕ್ಲ್ಯಾಡಿಂಗ್’ ಎನ್ನುತ್ತಾರೆ.

ಒಂದು ಎಚ್ಚರಿಕೆ: ಇದು ಬರಹದ ಪದ. ಗೆಳತಿಗೆ ಫೋನಿನಲ್ಲಿ ‘ಐ ಆ್ಯಮ್ ಕ್ಲ್ಯಾಡ್ ಇನ್ ಜೀನ್ಸ್’ ಎಂದರೆ ಹರಟೆಯ ನಡುವೆ ಗ್ರಂಥ ಓದಿದಂತಾಗುತ್ತದೆ. ಅಲ್ಲಿಗೆ ‘ವೇರಿಂಗ್’ ಸರಿ.

ಆ ಹುಡುಗಿ ಮರುದಿನ ಎರಡು ವಾಕ್ಯ ಬರೆದು ತಂದಳು: ‘ಐ ವೋರ್ ಎ ಸ್ಯಾರಿ ಫಾರ್ ದ ಫಂಕ್ಷನ್. ಎ ಸಿಲ್ಕ್-ಕ್ಲ್ಯಾಡ್ ಗ್ರ್ಯಾಂಡ್‌ಮದರ್ ಲಿಟ್ ದ ಲ್ಯಾಂಪ್.’ ಎರಡಕ್ಕೂ ಸರಿ ಗುರುತು ಹಾಕಿ ಕೊಟ್ಟೆ.